ಬಿಳಿ ಲಂಗದ ಓಟ

ಹೊಲಿಗೆ ಟೀಚರ್ ಮುಟ್ಟಿನ ಬಟ್ಟೆ ಪ್ಯಾಡಿನ ಮೇಲೆ ನಿಧಾನವಾಗಿ ಒಂದು ಲೋಟ ನೀರು ಸುರಿದರು. ಬಟ್ಟೆ ಹೀರಿಕೊಂಡಿತು. ಹೊಲಿದವಳ ಮುಖ ಅರಳುವಷ್ಟರಲ್ಲಿ ಅಡಿಯಿಂದ ತೊಟ್ ತೊಟ್ ಎಂದು ಹನಿ ಬಿತ್ತು. ಚಂದಕ್ಕೆಂದು ಅವಳು ನಡುವೆ ಹಾಕಿದ್ದ ಹೂವಿನ ಹೊಲಿಗೆಯ ಒಂದೊಂದು ತೂತಿನಿಂದಲೂ ನೀರು ಇಳಿಯುತ್ತಿತ್ತು.

“ಹೂವೇನೋ ಚೆನ್ನಾಗಿದೆ ಪುಟ್ಟಾ,” ಎಂದರು ಟೀಚರ್. “ಆದ್ರೆ ಕೆಳಗಿರೋದು ರೇನ್‌ಕೋಟ್ ಬಟ್ಟೆ. ಸೂಜಿ ಚುಚ್ಚಿದ ಕಡೆಯೆಲ್ಲ ಸೋರುತ್ತೆ. ಹೊಲಿಗೆ ಅಂಚಲ್ಲಿ ಮಾತ್ರ ಇರ್ಬೇಕು.”

ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಳೆ ಅಕ್ಕನ ಓಟವಿತ್ತು. ಹೋದ ವರ್ಷ ಅದೇ ದಿನ ಮುಟ್ಟಾಗಿ, ಓಡುವಾಗ ಮಡಚಿದ ಹಳೇ ಬಟ್ಟೆ ಜಾರೀತೆಂದು ಹೆದರಿ, ಕಾಲು ಉಳುಕಿದೆಯೆಂದು ಸುಳ್ಳು ಹೇಳಿ ಅಕ್ಕ ಮೂಲೆ ಹಿಡಿದು ಕೂತಿದ್ದಳು. ಈ ಸಲವೂ ಗ್ರಹಚಾರ, ಇವತ್ತು ಬೆಳಿಗ್ಗೆಯೇ ಶುರುವಾಗಿತ್ತು.

ಸಂಜೆ ಅಕ್ಕ ಓಟದ ಬಿಳಿ ಲಂಗ ಮಡಚಿಡುತ್ತ, “ಬಿಡೇ, ನಾಳೆ ಮತ್ತೆ ಕಾಲು ಉಳುಕಿಸ್ಕೋತೀನಿ,” ಎಂದಳು.

“ಸುಮ್ನಿರಕ್ಕಾ. ನಾನಿದ್ದೀನಲ್ಲ.”

“ಅದೇ ಭಯ ಕಣೇ.”

ತಂಗಿ ಹೂವಿನ ಆಸೆ ಬಿಟ್ಟು ಹೊಸದಾಗಿ ಕತ್ತರಿಸಲು ಕೂತಳು. ಒಳಗೆ ಹಳೇ ಟವೆಲ್ಲಿನ ಪದರ, ಕೆಳಗೆ ತೂತಿಲ್ಲದ ರೇನ್‌ಕೋಟ್ ಬಟ್ಟೆ, ಅಂಚಿಗೆ ಬಿಗಿ ಹೊಲಿಗೆ, ಎರಡೂ ಬದಿಗೆ ರೆಕ್ಕೆ, ರೆಕ್ಕೆಗೆ ಟಿಚ್ ಬಟನ್. ಒಂದೇ ಥರದ ಎರಡನ್ನು ಹೊಲಿದು, ಒಂದಕ್ಕೆ ನೀರು ಸುರಿದು ಅಡಿಗೆ ತನ್ನ ಕೆನ್ನೆಯನ್ನೇ ಒತ್ತಿ ನೋಡಿದಳು. ಕೆನ್ನೆ ಒದ್ದೆಯಾಗಲಿಲ್ಲ. ಇನ್ನೂ ಎಂಟನೇ ಕ್ಲಾಸಿನ ಹುಡುಗಿ, ಅವಳ ಹಟ ಮೆಚ್ಚಲೇಬೇಕು.

ಬೆಳಿಗ್ಗೆ ಅಕ್ಕ ಇನ್ನೊಂದನ್ನು ಹಾಕಿಕೊಂಡು ಬಚ್ಚಲಲ್ಲೇ ಕುಪ್ಪಳಿಸಿ ನೋಡಿದಳು. ಜಾರಲಿಲ್ಲ. ಹೊರಬಂದು ಲಂಗ ತೊಟ್ಟಳು.

ಸೀಟಿ ಊದಿದರು. ಮೈದಾನವೆಲ್ಲ ಎದ್ದು ನಿಂತು ಕೂಗುತ್ತಿದ್ದರೆ ತಂಗಿ ಮಾತ್ರ ಉಗುರು ಕಚ್ಚುತ್ತ ಕಣ್ಣು ಮಿಟುಕಿಸದೆ ನಿಂತಿದ್ದಳು. ಕೊನೆಗೆ ಮೂವರು ಹುಡುಗಿಯರು ಹೆಗಲಿಗೆ ಹೆಗಲು ತಾಗಿಸಿಕೊಂಡೇ ಗೆರೆ ದಾಟಿದರು, ಅವರಲ್ಲಿ ಅಕ್ಕನೂ ಒಬ್ಬಳು. ತಂಗಿ ಓಡಿಹೋಗಿ ಅವಳ ಬೆನ್ನ ಹಿಂದೆ ನಿಂತಳು.

ಅಕ್ಕ ಮಂಡಿಗೆ ಕೈಯೂರಿ ಏದುಸಿರು ಬಿಡುತ್ತ ಕೇಳಿದಳು, “ಯಾರೇ ಮೊದಲು ಬಂದಿದ್ದು? ನೀನು ನೋಡ್ತಾ ಇದ್ದೆಯಲ್ಲ?”

“ಯಾರಿಗೆ ಗೊತ್ತು? ನಾನು ನಿನ್ನ ಲಂಗ ನೋಡ್ತಿದ್ದೆ,” ಎಂದಳು ತಂಗಿ. “ಬೆಳ್ಳಗೇ ಇದೆ ಕಣಕ್ಕಾ.”