ಮೊದಲನೆಯ ಸೀಳು

“ಒಂದು ಸೀಳು ಮೊದಲೇ ಇದೆ ನೋಡಿ, ಪೆರ್ನೆಟಮ್ಮ. ಇದರ ಅಳತೆಗೇ ಇನ್ನೂ ಹನ್ನೊಂದು ಕತ್ತರಿಸಿ,” ಎನ್ನುತ್ತ ಜವಳಿ ವ್ಯಾಪಾರಿಯ ಮಗ ಥಿಬೋ ಕಪ್ಪು ಉಣ್ಣೆಯ ಅಂಗಿಯನ್ನು ಅವಳ ಹೊಲಿಗೆ ಮೇಜಿನ ಮೇಲೆ ಹಾಸಿದ. “ಒಳಗಿಂದ ಕೆಂಪು ರೇಷ್ಮೆ ಇಣುಕ್ಬೇಕು. ಸ್ವಿಸ್ ಸಿಪಾಯಿಗಳದ್ದು ಇರುತ್ತಲ್ಲ, ಹಾಗೆ.”

ದಿಜೋನ್ ಪಟ್ಟಣದಲ್ಲಿ ಆ ಬೇಸಿಗೆ ಎಲ್ಲರಿಗೂ ಇದೇ ಹುಚ್ಚು. ಚಳಿಗಾಲದಲ್ಲಿ ನಾನ್ಸಿಯ ಬಯಲಲ್ಲಿ ನಮ್ಮ ದೊರೆಯ ಸೈನ್ಯವನ್ನು ಕಡಿದು ಹಾಕಿದ ಸ್ವಿಸ್ಸರು, ದೋಚಿದ ರೇಷ್ಮೆಯನ್ನು ತಮ್ಮ ಹರಕು ಅಂಗಿಗಳಿಗೆ ತುರುಕಿಕೊಂಡು ಮೆರೆದಿದ್ದರು. ಹೊಡೆದವರ ವೇಷವೇ ಈಗ ಹೊಡೆಸಿಕೊಂಡವರಿಗೆ ಷೋಕಿ. ಪೆರ್ನೆಟ್ ಅಂಗಿಯನ್ನು ಒಳಮಗ್ಗುಲು ಮೇಲಾಗುವಂತೆ ತಿರುವಿದಳು. ಎಡಪಕ್ಕೆಯ ಒಳಪದರದಲ್ಲಿ ನೀಲಿ ದಾರದ ಪುಟ್ಟ ಶಿಲುಬೆ. ಯುದ್ಧಕ್ಕೆ ಹೊರಟ ಮಗ ಜಾಕೋಗೆ ಕತ್ತಿ ತಾಗದಿರಲೆಂದು ಅವಳೇ ಹಾಕಿದ ಹೊಲಿಗೆ. ಗೆಳೆಯರು ಕಂಡರೆ ನಗುತ್ತಾರೆಂದು ಅವನು ಹಟ ಮಾಡಿ ಒಳಗೆ ಹಾಕಿಸಿಕೊಂಡಿದ್ದ. ಸೀಳು ಆ ಶಿಲುಬೆಯನ್ನು ನಟ್ಟನಡುವೆ ಕತ್ತರಿಸಿಕೊಂಡು ಹೋಗಿತ್ತು.

“ಎಲ್ಲಿ ಸಿಕ್ತು ಧಣಿ, ಇದು?”

“ಹಳೇ ಬಟ್ಟೆಯವನ ಹತ್ರ. ಯಾಕೆ? ಕಲೆ ಇತ್ತು, ಒಗೆಸಿದೀನಲ್ಲ.”

“ಏನಿಲ್ಲ. ಹೊಲಿಗೆ ಗಟ್ಟಿಯಾಗಿದೆ.”

ಜಾಕೋ ಸೆರೆಯಲ್ಲಿದ್ದಾನೆ, ಇವತ್ತಲ್ಲ ನಾಳೆ ಬಂದೇ ಬರುತ್ತಾನೆ ಎಂದು ಆರು ತಿಂಗಳಿಂದ ಅವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಸೀಳಿನೊಳಗೆ ಬೆರಳಿಟ್ಟಳು. ಒಂದು ಸಲೀಸಾಗಿ ಹೋಯಿತು. ಇನ್ನೊಂದೂ ಹೋಯಿತು.

“ಅಳತೆ ಸಿಕ್ತಾ?” ಎಂದ ಥಿಬೋ, ಕನ್ನಡಿಯತ್ತ ತಿರುಗಿ.

“ಸಿಕ್ತು ಧಣಿ,” ಎಂದು ಅವಳು ಕತ್ತರಿ ಎತ್ತಿಕೊಂಡಳು. “ಎರಡು ಬೆರಳು.”