ಮರಿಲಿಂಗನ ರಜೆ

ಫೋನು ಬಂದಾಗ ಮಲ್ಲೇಶ್ವರಿಯ ಎಡಗೈ ಬಳೆಗಾರ್ತಿ ಖುರ್ಷೀದಬೇಗಂಳ ಹಿಡಿತದಲ್ಲಿತ್ತು. ಬಲಗೈಯಿಂದ ಚೀಲ ತಡಕಿ ಹೆಸರು ನೋಡಿದಳು. ಸಂಗಮನಾಥ. ಕುವೈತಿನಲ್ಲಿ ಅವಳ ಗಂಡ ಮರಿಲಿಂಗನ ಜೊತೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದವನು.

"ತಂಗಿ, ರೈಲಿನ್ಯಾಗ ಅದೀನಿ. ವಾಡಿ ದಾಟೇದ. ಯಾದಗಿರಿಗೆ ಇಳದು, ಮರಿಲಿಂಗನ ಅವ್ವನ್ನ ಮಾತಾಡಿಸಿಕೊಂಡೇ ಸೈದಾಪುರಕ್ಕ ಹೋಗ್ತೀನಿ."

"ಬ್ಯಾಡ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

"ಯಾರವ್ವ?" ಅಂಗಡಿಯ ಮೆಟ್ಟಿಲ ಮೇಲಿಂದ ಅತ್ತೆ ತಿಮ್ಮವ್ವ ಕೇಳಿದಳು.

"ರಾಂಗ್ ನಂಬರ್, ಅತ್ತಿ."

"ಕೈ ಜರಾ ಸಡ್ಲ ಬಿಡವ್ವ," ಬೇಗಂ ಗದರಿದಳು. "ಕಟಗಿ ಹಂಗ ಹಿಡದರ ಬಳಿ ಹೆಂಗ ಏರಬೇಕು? ದುಬೈ, ಕುವೈತ್ ಅಂತ ಹೋದವ್ರೆಲ್ಲ ಮೆತ್ತಗ ಆಗಿ ಬರ್ತಾರ. ನೀ ಒಬ್ಬಾಕಿ ಕಲ್ಲಾಗಿ ಬಂದಿ. ಗಂಡಗ ಇನ್ನಾ ರಜಾ ಸಿಗಲಿಲ್ಲೇನು?"

ಮಲ್ಲೇಶ್ವರಿ ಬಾಯಿ ತೆರೆಯುವ ಮೊದಲೇ ತಿಮ್ಮವ್ವ ಹೇಳಿದಳು. "ಅವನ ಸೇಠ ಬಿಡವಲ್ಲನಂತ. ನಿಂಗ್ಯಾಕ ಬೇ ಊರ ಉಸಾಬರಿ? ಹಸರ ಬಳಿ ಇಡು. ಎರಡೂ ಕೈಗೆ ತುಂಬ ಇಡು."

ಮರಿಲಿಂಗನಿಗೆ ರಜೆ ಸಿಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಟ್ಯಾಂಕರಿನ ಸ್ಟೀರಿಂಗ್ ಮೇಲೆ ತಲೆ ಇಟ್ಟವನು ಮತ್ತೆ ಎತ್ತಲಿಲ್ಲ. ಹೆಣ ಊರಿಗೆ ಕಳಿಸಲು ಕಂಪನಿ ಒಪ್ಪಲಿಲ್ಲ ಎಂದ ಸಂಗಮನಾಥ. ಮಲ್ಲೇಶ್ವರಿ ತಲೆಯಾಡಿಸಿದಳು. ಅಲ್ಲೇ ಮರಳಿನಲ್ಲಿ ಮಣ್ಣು ಮಾಡಿದರು. ಅಲ್ಲೇ ಅವಳು ಅಡುಗೆಗಿದ್ದ ದೊಡ್ಡ ಮನೆಯವರು ಟಿಕೆಟ್ ತೆಗೆಸಿ ಅವಳನ್ನು ಊರಿಗೆ ಕಳಿಸಿದರು.

ಊರಲ್ಲಿ ಅವಳು ಯಾರಿಗೂ ಹೇಳಲಿಲ್ಲ. ತಿಮ್ಮವ್ವನ ಹೃದಯ ಸೋತಿದೆ, ಆಘಾತದ ಸುದ್ದಿ ಅವಳ ಕಿವಿಗೆ ಬೀಳಬಾರದು ಎಂದು ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ಇದ್ದವನು ಒಬ್ಬನೇ ಮಗ. ಹೇಳಿದ ದಿನವೇ ಆ ಮನೆಯಿಂದ ಇನ್ನೊಂದು ಹೆಣ ಏಳುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು.

ಸುಳ್ಳು ಹೇಳುವುದೇನೂ ಕಷ್ಟವಾಗಲಿಲ್ಲ. ಮುದುಕಿ ಮಗನನ್ನು ಫೋನಿಗೆ ಕರೆ ಎಂದು ಕೇಳಿದವಳೇ ಅಲ್ಲ. 'ಆ ಡಬ್ಬ್ಯಾಗ ನಂಗ ಕಿವಿ ಕೇಳಸಂಗಿಲ್ಲ' ಎಂದು ಬಿಟ್ಟಿದ್ದಳು. ಆದರೆ ತನ್ನ ಗಂಡ ಸತ್ತ ಮೇಲೆ ಬಳೆ ಅಂಗಡಿಯತ್ತ ತಲೆ ಹಾಕದಿದ್ದವಳು ಈಗ ಸೊಸೆಯನ್ನು ತಾನೇ ಕರೆತರುತ್ತಿದ್ದಳು. ಒಳಗೆ ಬರದೆ ಮೆಟ್ಟಿಲ ಮೇಲೆ ಕೂತು ಬಣ್ಣ ಆರಿಸುತ್ತಿದ್ದಳು. ಮಗ ಬರುವ ದಾರಿ ಕಾಯುತ್ತಿದ್ದಾಳೆ, ಪಾಪ, ಎಂದುಕೊಂಡಳು ಮಲ್ಲೇಶ್ವರಿ.

"ನೀವು ಮನಿಗೆ ನಡೀರಿ ಅತ್ತಿ, ಹೂ ತಗೊಂಡು ಬರ್ತೀನಿ," ಎಂದು ಸ್ಟೇಷನ್ ರೋಡಿಗೆ ತಿರುಗಿದಳು.

ಕುವೈತಿನಲ್ಲಿ ಆ ದೊಡ್ಡ ಮನೆಯ ಕಿಟಕಿಯಾಚೆ ನಡೆದು ಹೋಗುವ ಒಂದೂ ಮನುಷ್ಯಪ್ರಾಣಿ ಕಾಣುತ್ತಿರಲಿಲ್ಲ. ಇಲ್ಲಿ ಇಬ್ಬರು ರಸ್ತೆಯ ನಟ್ಟನಡುವೆ ಬೈಕು ನಿಲ್ಲಿಸಿಕೊಂಡು ಹೆಸರುಬೇಳೆ ರೇಟು ಮಾತಾಡುತ್ತಿದ್ದರು. ಹಿಂದಿನ ಬಸ್ಸಿನ ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಕಿಟಕಿಯಿಂದ ಕತ್ತು ಹಾಕಿ ತಾನೂ ಒಂದು ರೇಟು ಹೇಳಿದ. ಬಾಣಲೆಯಲ್ಲಿ ಮಿರ್ಚಿ ಚುರುಗುಟ್ಟುತ್ತಿತ್ತು. "ಬಿಸಲಾಗ ಎಲ್ಲಿ ಹೊಂಟೀ ಬೇ?" ಎಂದು ಗುರುತಿಲ್ಲದ ಹೆಂಗಸೊಬ್ಬಳು ಕೇಳಿ, ಉತ್ತರಕ್ಕೂ ಕಾಯದೆ ಹೋದಳು. ಈ ಗದ್ದಲ ಕೇಳಿದರೆ ಅಳು ಬಂದೀತು ಎಂದುಕೊಂಡು ಊರಿಗೆ ಬಂದವಳು ಅವಳು. ಬರಲಿಲ್ಲ. ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವಂತಿತ್ತು.

ಎದುರಿನಿಂದ ಬೋಳು ಹಣೆಯ ಹೆಂಗಸೊಬ್ಬಳು ಬಂದಳು. ಮಲ್ಲೇಶ್ವರಿಯ ಕುಂಕುಮ ನೋಡಿದ್ದೇ, ಅಪಶಕುನ ಆಗದಿರಲೆಂದು ತಾನಾಗಿಯೇ ಗೋಡೆಯ ಮಗ್ಗುಲಿಗೆ ಸರಿದು ಮುಖ ತಿರುಗಿಸಿ ನಿಂತಳು. ಇವಳದೇ ವಯಸ್ಸು. ಮಲ್ಲೇಶ್ವರಿ ಅವಳನ್ನು ದಾಟಿ ನಡೆದಳು. ಅದೂ ಒಳಗೆ ತಟ್ಟಲಿಲ್ಲ.

ರೈಲು ಆಗಲೇ ಬಂದು ನಿಂತಿತ್ತು. ಹಗ್ಗ ಸುತ್ತಿದ ಬ್ಯಾಗು ಹೊತ್ತು ಸಂಗಮನಾಥ ಇಳಿಯುತ್ತಿದ್ದ.

"ಏನ ತಂಗಿ, ಇಷ್ಟ ಸೊರಗೀದಿ? ಅವ್ವ ರೊಟ್ಟಿ ಹಾಕವಲ್ಲಳೇನು?"

"ಅಣ್ಣ, ಕೈ ಮುಗೀತೀನಿ. ಮನಿಗೆ ಬರಬ್ಯಾಡ್ರಿ. ಅತ್ತಿಗೆ ಏನೂ ಗೊತ್ತಿಲ್ಲ. ನಿಮ್ಮ ಮಾರಿ ನೋಡಿದ್ರ ಸಾಕು, ತಿಳಕೋತಾಳ. ತಿಳಕೊಂಡ್ರ ಉಳ್ಯಂಗಿಲ್ಲ. ಇದೇ ಗಾಡಿ ಹತ್ತಿ ಹೋಗಿಬಿಡ್ರಿ."

ಸಂಗಮನಾಥ ಬ್ಯಾಗು ಕೆಳಗಿಟ್ಟ. ಗಾಡಿ ಅಲುಗಾಡಿ ಹೊರಟಿತು. ಅವನು ಹತ್ತಲಿಲ್ಲ.

"ಅಂದ್ರ ಅವ್ವ ನಿಂಗ ಹೇಳೇ ಇಲ್ಲ," ಎಂದ.

"ಏನು?"

"ಅವತ್ತ ನಿನಗ ಹೇಳೂಕಿಂತ ಮೊದಲ ಅವ್ವಗ ಫೋನ್ ಮಾಡಿದ್ದೆ. ಎಲ್ಲಾ ಕೇಳಿಸಿಕೊಂಡಳು." ಅವನು ದನಿ ತಗ್ಗಿಸಿದ. "ಕಂಪನಿ ಪೆಟ್ಟಿಗಿ ಕಳಸಾಕ ತಯಾರಿತ್ತು, ತಂಗಿ. ನಿನ್ನ ಮುಂದ ನಾ ಹೇಳಿದ್ದು ಸುಳ್ಳು. ಬ್ಯಾಡ ಅಂದಾಕಿ ಅವ್ವ."

ಪ್ಲಾಟ್‌ಫಾರ್ಮ್ ಬರಿದಾಗುತ್ತಿತ್ತು.

"ಹೆತ್ತ ಮಗನ ಮಾರಿ ನೋಡೂದು ಬ್ಯಾಡ ಅಂದಳಾ? ಯಾಕ?"

"'ಅಲ್ಲೇ ಮಣ್ಣ ಮಾಡ್ರಪ್ಪ' ಅಂದಳು. 'ಮಗ ಅಂತೂ ಹೋದ. ಹೆಣ ಇಲ್ಲಿಗೆ ಬಂದರ, ಓಣಿ ಮಂದಿ ಬಂದು ನನ್ನ ಸೊಸಿನ್ನ ಮುಂಡಿ ಮಾಡಿ ಮೂಲ್ಯಾಗ ಕೂಡಸ್ತಾರ.'"