ಮೂರನೇ ಮಹಡಿಯ ಕೆಮ್ಮು

ವಕೀಲೆ ಮೊದಲ ಮೆಟ್ಟಿಲಿಗೆ ಕಾಲಿಡುವ ಮುನ್ನವೇ ಕಾವಲುಗಾರ ಕೋಲನ್ನು ಅಡ್ಡ ಹಿಡಿದ.

"ಯಾರ ಮನೆಗೆ?"

"ಸರ್ಕಾರಿ ಆಸ್ಪತ್ರೆಯಿಂದ ಬಂದಿದೀನಿ. ಇಲ್ಲೊಬ್ರು ರೋಗಿ ಇದಾರೆ. ಅವರಿರೋ ಜಾಗ ನೋಡಬೇಕು."

"ಆಸ್ಪತ್ರೆಯವರು ಕರಿ ಕೋಟು ಹಾಕೋಕೆ ಯಾವಾಗಿಂದ ಶುರು ಮಾಡಿದ್ರು?"

"ಡಾಕ್ಟರೇ ಕಳಿಸಿದ್ದು. ಗೋಡೆ ಒದ್ದೆ ಇದ್ರೆ ಮಾತ್ರೆ ಏನು ಮಾಡುತ್ತೆ ಹೇಳಿ?"

ಕಾವಲುಗಾರನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಹೆಂಡತಿಯ ಕಾಟ ತಾಳಲಾರದೆ ಆ ಆಸ್ಪತ್ರೆಗೆ ಹೋದಾಗಲೆಲ್ಲ, ಡಾಕ್ಟರ ಪಕ್ಕದ ಕೋಣೆಯ ಮುಂದಿನ ಸಾಲನ್ನು ಅವನೇ ಕಂಡಿದ್ದ. ಬಿಡಿಗಾಸೂ ತೆಗೆದುಕೊಳ್ಳದ ವಕೀಲೆ ಅಲ್ಲಿ ಕೂರುತ್ತಿದ್ದಳು. ಔಷಧಿ ಮುಗಿದ ಕೂಡಲೇ ರೋಗ ಮರಳಿತೆಂದರೆ ಡಾಕ್ಟರು ಮನೆಯ ಸಂಗತಿ ಕೇಳುತ್ತಿದ್ದರು: ಎಲ್ಲಿ ಮಲಗುತ್ತೀರಿ, ಸೂರು ಸೋರುತ್ತದೆಯೇ, ಕಿಟಕಿ ಇದೆಯೇ. ಆಮೇಲೆ ಆ ಕೋಣೆಗೆ. ಅಲ್ಲಿಂದ ಮನೆ ಮಾಲೀಕರಿಗೆ ನೋಟಿಸು. ಹಿಂದಿನ ಬೀದಿಯಲ್ಲಿ ಹಾಗೇ ಒಂದು ಸೂರು ಪೂರ್ತಿ ಹೊಸದಾಗಿತ್ತು. ಅಲ್ಲಿನ ಚಪ್ಪಲಿ ಹೊಲಿಯುವವನು ವಾರ ವಾರ ಆಸ್ಪತ್ರೆಗೆ ಹೊತ್ತೊಯ್ಯುತ್ತಿದ್ದ ತಾಯಿ ಈಗ ತಾನಾಗಿಯೇ ಬಿಂದಿಗೆ ಹೊತ್ತು ನೀರು ತರುತ್ತಾಳಂತೆ.

ಆ ಸುದ್ದಿ ಕಿವಿಗೆ ಬಿದ್ದ ದಿನವೇ ಈ ಕಟ್ಟಡದ ಮಾಲೀಕ ಬಂದು ಹೇಳಿ ಹೋಗಿದ್ದ: "ಕರಿ ಕೋಟು ಒಳಗೆ ಬಂದ ದಿನ ನಿನ್ನ ಗಂಟುಮೂಟೆ ಹೊರಗೆ." ಹನ್ನೊಂದು ವರ್ಷದ ಕೆಲಸ, ಮೆಟ್ಟಿಲ ಕೆಳಗಿನ ಕೋಣೆ, ಎರಡೂ ಆ ಒಂದೇ ಮಾತಿಗೆ ಕಟ್ಟುಬಿದ್ದಿದ್ದವು. ಅರವತ್ತು ದಾಟಿದವನಿಗೆ ಬೇರೆ ಯಾರು ಕಾವಲಿನ ಕೋಲು ಕೊಡುತ್ತಾರೆ?

ಇದು ಯಾರ ಕಿತಾಪತಿ ಎಂದು ಅವನು ಯೋಚಿಸಬೇಕಾಗಿರಲಿಲ್ಲ. ಮೂರನೇ ಮಹಡಿಯ ಹೊಲಿಗೆಯವಳು. ಅವಳ ಮಗಳು ಕೆಮ್ಮಿದರೆ ಬೀದಿಗೆ ಕೇಳುತ್ತದೆ.

"ಮೇಲೆ ಬಿಡಲ್ಲ," ಎಂದ.

"ಬೇಡ ಬಿಡಿ. ಕುಡಿಯೋಕೆ ಒಂದು ಲೋಟ ನೀರಾದ್ರೂ ಸಿಗುತ್ತಾ?"

"ಒಳಗೆ ಬಾಮ್ಮ, ಕೂತ್ಕೊಂಡು ಕುಡಿ," ಎಂದು ಹೆಂಡತಿ ಕೋಣೆಯ ಬಾಗಿಲಿಂದ ಕರೆದಳು.

ಕಾವಲುಗಾರ ಅಡ್ಡ ಬರಲಿಲ್ಲ. ಅವನ ಲೆಕ್ಕದಲ್ಲಿ ಕಟ್ಟಡ ಶುರುವಾಗುವುದೇ ಮೊದಲ ಮೆಟ್ಟಿಲಿಂದ. ವಕೀಲೆ ಕಾಲು ಗಂಟೆ ಕೂತು ಹೊರಬಂದಳು.

"ಎಷ್ಟು ವರ್ಷದಿಂದ ಇದೀರಿ ಇಲ್ಲಿ?"

"ಹನ್ನೊಂದು. ಇಷ್ಟು ವರ್ಷದಲ್ಲಿ ನನ್ನ ದಾಟಿ ಒಬ್ರೂ ಮೇಲೆ ಹೋಗಿಲ್ಲ."

"ಮೇಲೆ ಹೋಗೋ ಅವಸರ ನನಗೂ ಇಲ್ಲ," ಎಂದು ಅವಳು ಚೀಲ ಹೆಗಲಿಗೇರಿಸಿದಳು.

ಮತ್ತೆರಡು ಸಲ ಬಂದಳು. ಕೊನೆಯ ಸಲ ಜೊತೆಗೊಬ್ಬ ಇಂಜಿನಿಯರು. ಎರಡು ಸಲವೂ ಕೋಲು ಅಡ್ಡ ಬಂತು. ಎರಡು ಸಲವೂ ಕೋಣೆಯಲ್ಲಿ ಕೂತು ನೀರು ಕುಡಿದು ಹೋದರು. "ಕೋರ್ಟಲ್ಲಿ ನಲ್ಲಿ ಇಲ್ವಾ ನಿಮಗೆ?" ಎಂದು ಕಾವಲುಗಾರ ಹಂಗಿಸಿದ. ಒಂದು ಮೆಟ್ಟಿಲೂ ಹತ್ತಲು ಬಿಡಲಿಲ್ಲವೆಂದು ಮಾಲೀಕನಿಗೆ ಫೋನಿನಲ್ಲಿ ಹೇಳುವಾಗ ಅವನ ಎದೆ ಉಬ್ಬಿತ್ತು.

ಆದರೂ ಹೊಲಿಗೆಯವಳ ಮೇಲಿನ ಸಿಟ್ಟು ತಣಿಯಲಿಲ್ಲ. ಮೂರನೇ ಮಹಡಿಗೆ ಹೋಗುವ ನೀರಿನ ವಾಲ್ವ್ ತಿರುಗಿಸಿ, ಮಹಡಿಗೊಮ್ಮೆ ನಿಂತು ಉಸಿರು ಹಿಡಿದುಕೊಳ್ಳುತ್ತಾ ಹತ್ತಿದ. ಹೊಲಿಗೆಯವಳು ಯಂತ್ರದ ಮುಂದೆಯೇ ಇದ್ದಳು.

"ಕರಿ ಕೋಟು ಕರೆಸ್ತೀಯಾ? ನೀರಿಲ್ದೆ ಎಷ್ಟು ದಿನ ಸಂಸಾರ ಮಾಡ್ತೀಯೋ ನೋಡ್ತೀನಿ."

"ನಾನ್ಯಾರನ್ನೂ ಕರೆಸಿಲ್ಲಣ್ಣ," ಅವಳು ದಾರ ಕಚ್ಚಿ ತುಂಡರಿಸಿದಳು. "ಅಷ್ಟು ಧೈರ್ಯ ಇದ್ದಿದ್ರೆ ನಿಮ್ಮ ಹತ್ರ ಬೈಸ್ಕೊಂಡು ಕೂತಿರ್ತಿದ್ನಾ?"

"ಬಾಯಿ ನೋಡು ಬಾಯಿ."

ಕೆಳಗೆ ಬಂದಾಗ ಹೆಂಡತಿ ಎರಡು ಕೊಡ ತುಂಬಿಸಿ ಸೆರಗು ಸಿಕ್ಕಿಸಿಕೊಳ್ಳುತ್ತಿದ್ದಳು.

"ಎಲ್ಲಿಗೆ?"

"ಮೇಲಕ್ಕೆ. ಆ ಮಗು ಏನು ಮಾಡಿತ್ತು ನಿಮಗೆ?"

"ಅವಳಿಂದ ನಮ್ಮ ಅನ್ನಕ್ಕೇ ಕಲ್ಲು ಬೀಳುತ್ತೆ. ತಿಳ್ಕೋ."

ಅವಳು ಕೊಡಗಳನ್ನೆತ್ತಿಕೊಂಡು ಮೆಟ್ಟಿಲು ಹತ್ತಿದಳು. ಮರುದಿನವೂ ಹಾಗೇ ಹತ್ತಿದಳು. ಅವನು ಅವಳ ಜೊತೆ ಮಾತು ಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ವಕೀಲೆ ಬಂದಳು. ಜೊತೆಗೆ ನಗರಸಭೆಯ ಅಧಿಕಾರಿ, ಹಾರೆ ಹಿಡಿದ ಮೂವರು ಗಾರೆಯವರು. ಹಿಂದೆ ಮಾಲೀಕ, ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡು. ಕಾವಲುಗಾರ ಅಭ್ಯಾಸಬಲದಿಂದ ಕೋಲೆತ್ತಿದ.

"ಇಳಿಸೋ ಅದನ್ನ," ಮಾಲೀಕ ಗದರಿದ.

ಅಧಿಕಾರಿ ಆದೇಶ ಓದಿದ. ನೆನೆದ ಗೋಡೆ ಒಡೆದು ಕಟ್ಟಬೇಕು. ಗೋಡೆಗೆ ಆನಿಸಿದ ಪಂಪು ತೆಗೆಯಬೇಕು. ಕಿಟಕಿ ಇಡಬೇಕು. ಕೆಲಸ ಮುಗಿಯುವವರೆಗೆ ರೋಗಿಗೆ ಎರಡನೇ ಮಹಡಿಯ ಖಾಲಿ ಮನೆ ಬಿಟ್ಟುಕೊಡಬೇಕು. ರೋಗಿಯನ್ನಾಗಲಿ ಮನೆಯವರನ್ನಾಗಲಿ ಹೊರಹಾಕಿದರೆ, ಕೆಲಸದಿಂದ ತೆಗೆದರೆ, ಮಾಲೀಕ ಕೋರ್ಟಿಗೆ ಉತ್ತರ ಹೇಳಬೇಕು.

ಕಾವಲುಗಾರನಿಗೆ ಕೊನೆಯ ಮಾತುಗಳು ಕೇಳಿಸಲೇ ಇಲ್ಲ. ಮೂರು ಸಲ ತಡೆದರೂ ಹೊಲಿಗೆಯವಳು ಗೆದ್ದಳು. ತನ್ನ ಕೆಲಸ ಹೋಯಿತು.

"ಬನ್ನಿ," ಎಂದ ಹಲ್ಲು ಕಡಿಯುತ್ತ. "ಮೂರನೇ ಮಹಡಿ. ಹೋಗಿ ಅವಳಿಗೆ ಅರಮನೆ ಕಟ್ಟಿಕೊಡಿ."

ಯಾರೂ ಮೆಟ್ಟಿಲು ಹತ್ತಲಿಲ್ಲ. ಗಾರೆಯವರು ತಲೆ ತಗ್ಗಿಸಿ ಮೆಟ್ಟಿಲ ಕೆಳಗಿನ ಬಾಗಿಲೊಳಗೆ ನುಗ್ಗಿದರು.

ಅವರಿಗೆ ದಾರಿ ಬಿಟ್ಟು, ಗಂಡನ ಹಾಸಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಹೆಂಡತಿ ಹೊರಬಂದಳು. "ವಕೀಲರ ಅರ್ಜಿಗೆ ನಾನೇ ಹೆಬ್ಬೆಟ್ಟು ಒತ್ತಿದ್ದು," ಎಂದಳು. "ನಿಮ್ಮ ಎದೆಗೇ ಈ ಔಷಧಿ ಅಂತ ಮೊದಲೇ ಹೇಳಿದ್ರೆ, ನೀವೇ ಓಡಿ ಹೋಗಿ ಓನರ್ ಕಿವಿಗೆ ಊದ್ತಿದ್ರಿ."